ಪೆಟ್ಟಿಗೆಯ ಮೇಲಿನ ಅಂಕಿಗಳು



ಮೂವತ್ತು ವರ್ಷಕ್ಕೂ ಮಿಕ್ಕಿ ಕನ್ನಡ ಪಾಠ ಹೇಳಿ ನಿವೃತ್ತನಾದವನೊಬ್ಬನು ವಿದ್ಯುತ್ ಉಪಕರಣವೊಂದರ ವಿಷಯವಾಗಿ ಮಾತನಾಡಲು ಹೊರಟನೆಂದರೆ ನಿಮಗೆ ನಗು ಬಂದೀತು. ನನ್ನ ವಿದ್ಯೆ ಹಳಗನ್ನಡದ್ದು, ವಿದ್ಯುತ್ತಿನದಲ್ಲ. ಆದರೆ ಆ ವಿದ್ಯೆ ನನಗೊಂದು ಅಭ್ಯಾಸವನ್ನು ಕಲಿಸಿದೆ. ಅರ್ಥವಾಗದ ಶಬ್ದವೊಂದು ಎದುರಾದರೆ ಅದು ಎಲ್ಲಿ ಹುಟ್ಟಿತು, ಯಾವ ಕೆಲಸಕ್ಕಾಗಿ ಹುಟ್ಟಿತು ಎಂದು ಹಿಂದಕ್ಕೆ ಹುಡುಕಿಕೊಂಡು ಹೋಗುವುದು. ಈಚೆಗೆ ಅರ್ಥವಾಗದ ಕೆಲವು ಅಂಕಿಗಳು ನನಗೆ ಎದುರಾದವು. ಅವುಗಳ ಬೆನ್ನು ಹತ್ತಿಯೂ ಹಾಗೆಯೇ ಹೋದೆನು. ದಾರಿಯಲ್ಲಿ ಕಂಡದ್ದನ್ನು ನಿಮ್ಮ ಮುಂದಿಡುವುದಷ್ಟೇ ನನ್ನ ಇಂದಿನ ಉದ್ದೇಶ.

ನಾನು ನಿವೃತ್ತನಾದಾಗ ಮಕ್ಕಳು ಒಳ್ಳೆಯ ಹೆಡ್‌ಫೋನ್ ಒಂದನ್ನು ತಂದುಕೊಟ್ಟಿದ್ದರು. ನನ್ನಾಕೆ ಬೇಗ ಮಲಗುವವಳು. ನನಗೋ ಸಂಗೀತ ರುಚಿಸುವುದು ರಾತ್ರಿ ಹತ್ತರ ಮೇಲೆಯೇ. ಆದ್ದರಿಂದ ಈ ಉಡುಗೊರೆ ಇಬ್ಬರಿಗೂ ಸಮಾಧಾನ ತಂದಿತ್ತು. ಆದರೆ ವೀಣೆ ದೊರೆಸ್ವಾಮಿ ಅಯ್ಯಂಗಾರ್ ಅವರ ಹಳೆಯ ಧ್ವನಿಮುದ್ರಣವೊಂದನ್ನು ಕಂಪ್ಯೂಟರಿನಲ್ಲಿ ಕೇಳುತ್ತಿದ್ದಾಗ ಒಂದು ಕಿರುಕುಳ ಗಮನಕ್ಕೆ ಬಂದಿತು. ವೀಣೆಯ ಒಂದು ಮೀಟು ಎದ್ದು, ತುಂಬಿ, ಮೆಲ್ಲಮೆಲ್ಲನೆ ಕರಗುತ್ತದಷ್ಟೆ. ಆ ಕರಗುವ ನಾದದ ಕೊನೆಯನ್ನು ಒಂದು ಗುಂಯ್‌ಗುಟ್ಟುವ ಸದ್ದು ನುಂಗಿಹಾಕುತ್ತಿತ್ತು. ಆ ಬಾನಿಯ ಸೊಗಸಿನಲ್ಲಿ ಅರ್ಧ ಪಾಲು ಇರುವುದೇ ಆ ಕೊನೆಯಲ್ಲಿ. ಪಕ್ಕದ ಮನೆಯ ಎಂಜಿನಿಯರಿಂಗ್ ಓದುವ ಹುಡುಗ ಬಂದು ಕೇಳಿ, "ಸರ್, ಇದು ರೆಕಾರ್ಡಿನ ತಪ್ಪಲ್ಲ, ನಿಮ್ಮ ಕಂಪ್ಯೂಟರಿನದು. ಹೊರಗಿನಿಂದ ಜೋಡಿಸುವ ಸೌಂಡ್ ಕಾರ್ಡ್ ಒಂದನ್ನು ತೆಗೆದುಕೊಳ್ಳಿ" ಎಂದನು.

ಅಂಗಡಿಗೆ ಹೋದೆನು. ಮೂರು ಪೆಟ್ಟಿಗೆಗಳು ಮುಂದೆ ಬಂದವು. ಮೊದಲನೆಯದರ ಬೆಲೆ ಸಾವಿರ ರೂಪಾಯಿಯೊಳಗೆ. ಎರಡನೆಯದು ಅದರ ಎಂಟರಷ್ಟು. ಮೂರನೆಯದು ನನ್ನ ತಿಂಗಳ ಪಿಂಚಣಿಯಲ್ಲಿ ಅರ್ಧವನ್ನು ಬೇಡುವಂಥದು. ಒಂದೊಂದರ ಮೇಲೂ ಸಾಲುಸಾಲು ಅಂಕಿಗಳು: ಇಷ್ಟು ಬಿಟ್, ಇಷ್ಟು ಕಿಲೋಹರ್ಟ್ಸ್, ಇಷ್ಟು ಓಮ್. "ಅಂಕಿ ದೊಡ್ಡದಾದಷ್ಟೂ ಕೇಳೋದು ಚೆನ್ನಾಗಿರುತ್ತೆ ಸಾರ್" ಎಂದನು ಅಂಗಡಿಯವನು. ನಾನು ಬರಿಗೈಯಲ್ಲಿ ಮನೆಗೆ ಬಂದು ಆ ಅಂಕಿಗಳ ಕುಲಗೋತ್ರ ವಿಚಾರಿಸಲು ಕುಳಿತೆನು.

ಮೊದಲು ಹೆಡ್‌ಫೋನಿನ ಕಥೆ. ಸಂಗೀತವನ್ನು ಕಿವಿಗೆ ಒತ್ತಿಕೊಂಡು ಕೇಳುವ ಪದ್ಧತಿ ನಾವು ಭಾವಿಸಿರುವುದಕ್ಕಿಂತ ಹಳೆಯದು. ೧೮೮೧ರಲ್ಲಿ ಪ್ಯಾರಿಸ್ ನಗರದಲ್ಲಿ ನಡೆದ ವಿದ್ಯುತ್ ಪ್ರದರ್ಶನದಲ್ಲಿ ಕ್ಲೆಮಾಂ ಅದೇರ್ ಎಂಬ ಎಂಜಿನಿಯರು ಒಪೆರಾ ರಂಗಮಂದಿರದಿಂದ ಟೆಲಿಫೋನ್ ತಂತಿಗಳನ್ನು ಎಳೆದು ತಂದಿದ್ದನು. ಜನ ಸಾಲಾಗಿ ನಿಂತು, ಎರಡು ಕಿವಿಗೂ ಒಂದೊಂದು ರಿಸೀವರ್ ಹಿಡಿದು, ದೂರದ ಗಾಯನವನ್ನು ಕೇಳಿದರು. ಗಾಯಕರು ರಂಗದ ಮೇಲೆ ಎಡಕ್ಕೂ ಬಲಕ್ಕೂ ನಡೆದದ್ದು ಸಹ ಕಿವಿಗೆ ತಿಳಿಯುತ್ತಿತ್ತಂತೆ. ಇದೇ ಮುಂದೆ 'ತೆಯಾತ್ರೋಫೋನ್' ಎಂಬ ವ್ಯಾಪಾರವಾಗಿ ೧೯೩೨ರವರೆಗೂ ಬಾಳಿತು. ಕಾದಂಬರಿಕಾರ ಮಾರ್ಸೆಲ್ ಪ್ರೂಸ್ತ್ ೧೯೧೧ರಲ್ಲಿ ಇದಕ್ಕೆ ಚಂದಾದಾರನಾಗಿ ಮನೆಯಲ್ಲಿದ್ದುಕೊಂಡೇ ಒಪೆರಾ ಕೇಳುತ್ತಿದ್ದನು. ರಾತ್ರಿಯ ಹೊತ್ತು ಯಾರಿಗೂ ತೊಂದರೆ ಕೊಡದೆ ಒಬ್ಬನೇ ಕೇಳುವ ನನ್ನಂಥವರ ಪಂಕ್ತಿಗೆ ಅವನೇ ಹಿರಿಯ ಎನ್ನಬಹುದು.

ತಲೆಗೆ ತೊಡುವ ಸಮರ್ಥವಾದ ಜೋಡಿ ರಿಸೀವರುಗಳನ್ನು ಮಾಡಿದವನು ಅಮೆರಿಕದ ಯೂಟಾ ಪ್ರಾಂತದ ನಥಾನಿಯಲ್ ಬಾಲ್ಡ್ವಿನ್. ೧೯೧೦ರಲ್ಲಿ ಅವನು ತನ್ನ ಮನೆಯ ಅಡುಗೆಕೋಣೆಯಲ್ಲಿ ಇವನ್ನು ತಯಾರಿಸಿ ನೌಕಾಪಡೆಗೆ ಕಳುಹಿಸಿದನು. ಹಡಗಿನ ನಿಸ್ತಂತು ಸಿಬ್ಬಂದಿಗೆ ಬೇಕಾಗಿದ್ದುದು ಮಾಧುರ್ಯವಲ್ಲ; ಕ್ಷೀಣವಾದ ಸಂಕೇತ ಕೇಳಿಸಿದರೆ ಸಾಕಾಗಿತ್ತು. ಆನಂತರ ರೇಡಿಯೋ ಬಂದಾಗ ಮೊದಲ ಕೇಳುಗರೂ ಇಂಥ ರಿಸೀವರುಗಳನ್ನೇ ತಲೆಗೆ ತೊಟ್ಟರು. ಧ್ವನಿವರ್ಧಕಗಳು ಮನೆಮನೆಗೆ ಬಂದ ಮೇಲೆ ಅವು ಮೂಲೆ ಸೇರಿದವು. ನಮ್ಮ ಮೈಸೂರಿನಲ್ಲಿ ೧೯೩೫ರಲ್ಲಿ ಡಾ. ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರವನ್ನು ತೆರೆದರು. 'ಆಕಾಶವಾಣಿ' ಎಂಬ ಹೆಸರು ಹಬ್ಬಿದ್ದು ಆ ಕೇಂದ್ರದಿಂದಲೇ. ಅವರು ವೃತ್ತಿಯಿಂದ ಮನಃಶಾಸ್ತ್ರದ ಪ್ರಾಧ್ಯಾಪಕರು. ಪಾಠ ಹೇಳುವವರು ಯಂತ್ರದ ತಂಟೆಗೆ ಹೋಗಬಾರದೆಂಬ ಶಾಸ್ತ್ರವೇನೂ ಇಲ್ಲವೆಂದು ನನಗೆ ಧೈರ್ಯ ಬಂದದ್ದು ಅವರನ್ನು ನೆನೆದೇ.

ಸಂಗೀತಕ್ಕೆಂದೇ ಹೆಡ್‌ಫೋನ್ ಮಾಡಿ ಮನೆಯ ಕೇಳುಗರಿಗೆ ಮಾರಿ ಜನಪ್ರಿಯಗೊಳಿಸಿದವನು ಅಮೆರಿಕದ ಮಿಲ್ವಾಕಿಯ ಜಾನ್ ಕಾಸ್, ಅದು ೧೯೫೮ರಲ್ಲಿ. ೧೯೭೯ರಲ್ಲಿ ಜಪಾನಿನ ಸೋನಿ ಸಂಸ್ಥೆಯ 'ವಾಕ್‌ಮನ್' ಬಂದು ಹೆಡ್‌ಫೋನನ್ನು ಬೀದಿಗೆ ತಂದಿತು. ಹೀಗೆ ಎರಡು ವಂಶಗಳಾದವು. ಒಂದು, ಸ್ಟುಡಿಯೋ ಮತ್ತು ಮನೆಯಲ್ಲಿ ದೊಡ್ಡ ಉಪಕರಣಕ್ಕೆ ಸಿಕ್ಕಿಸಿಕೊಳ್ಳುವಂಥದು. ಇನ್ನೊಂದು, ಜೇಬಿನಲ್ಲಿರುವ ಸಣ್ಣ ಬ್ಯಾಟರಿಯಿಂದಲೇ ನಡೆಯಬೇಕಾದದ್ದು. ಪೆಟ್ಟಿಗೆಯ ಮೇಲಿನ 'ಓಮ್' ಎಂಬ ಅಂಕಿಯ ಗುಟ್ಟು ಇಲ್ಲಿದೆ. ವಿದ್ಯುತ್ತಿನ ಹರಿವಿಗೆ ಹೆಡ್‌ಫೋನು ಒಡ್ಡುವ ತಡೆಯ ಅಳತೆ ಅದು. ಜೇಬಿನ ವಂಶದವು ಸಾಮಾನ್ಯವಾಗಿ ೧೬ರಿಂದ ೩೨ ಓಮ್. ಸ್ಟುಡಿಯೋ ವಂಶದವು ೨೫೦, ೩೦೦, ಕೆಲವು ೬೦೦ ಓಮ್. ಹೆಚ್ಚು ಓಮ್ ಎಂದರೆ ಹೆಚ್ಚು ಗುಣ ಎಂದೇನೂ ಅಲ್ಲ. ಅಂಥದಕ್ಕೆ ಹೆಚ್ಚು ವೋಲ್ಟೇಜು ಬೇಕು, ಅಷ್ಟೆ. ನನ್ನ ಹೆಡ್‌ಫೋನಿನ ಮೇಲೆ ೩೦೦ ಓಮ್ ಎಂದು ಬರೆದಿತ್ತು. ಸಣ್ಣದಾಗಿ ಮುದ್ರಿತವಾದ ವೀಣೆಯ ಧ್ವನಿ ಎಷ್ಟು ಏರಿಸಿದರೂ ಸಾಲದೆನಿಸುತ್ತಿದ್ದುದಕ್ಕೆ ಇದೇ ಕಾರಣ.

ಇದಕ್ಕೆ ಪ್ರತಿಯಾಗಿ ಸೌಂಡ್ ಕಾರ್ಡಿಗೂ ತನ್ನದೇ ಆದ ಒಳತಡೆ ಇರುತ್ತದೆ. ಅದು ಹೆಡ್‌ಫೋನಿನ ಓಮಿನ ಎಂಟನೆಯ ಒಂದು ಭಾಗವನ್ನು ಮೀರಬಾರದೆಂಬುದು ಬಲ್ಲವರು ಅನುಸರಿಸುವ ಲೆಕ್ಕ. ಮೀರಿದರೆ ಕೆಲವು ಹೆಡ್‌ಫೋನುಗಳಲ್ಲಿ ಮಂದ್ರದ ಸ್ವರಗಳು ಇದ್ದುದಕ್ಕಿಂತ ಊದಿಕೊಂಡು ಕೇಳುತ್ತವೆ. ೩೨ ಓಮಿನ ಹೆಡ್‌ಫೋನಿದ್ದವರು ಕಾರ್ಡಿನ ಒಳತಡೆ ೪ ಓಮಿಗಿಂತ ಕಡಮೆ ಇರುವಂತೆ ನೋಡಿಕೊಳ್ಳಬೇಕು. ಇದು ನೆನಪಿಡಬೇಕಾದ ಅಂಕಿ. ದುರದೃಷ್ಟವೆಂದರೆ ಎಷ್ಟೋ ಪೆಟ್ಟಿಗೆಗಳ ಮೇಲೆ ಇದನ್ನು ಮುದ್ರಿಸುವುದೇ ಇಲ್ಲ.

ಇನ್ನು 'ಬಿಟ್' ಎಂಬ ಅಂಕಿ. ಇದರ ಹುಟ್ಟೂ ಪ್ಯಾರಿಸ್ಸಿನಲ್ಲೇ ಎಂಬುದು ಸ್ವಾರಸ್ಯ. ಅಲ್ಲಿನ ಟೆಲಿಫೋನ್ ಪ್ರಯೋಗಶಾಲೆಯೊಂದರಲ್ಲಿ ಕೆಲಸದಲ್ಲಿದ್ದ ಅಲೆಕ್ ರೀವ್ಸ್ ಎಂಬ ಆಂಗ್ಲ ಎಂಜಿನಿಯರನಿಗೆ ಒಂದು ತೊಂದರೆ ಕಾಡುತ್ತಿತ್ತು. ದೂರದ ಊರಿಗೆ ಮಾತು ಹೋಗಬೇಕಾದರೆ ನಡುನಡುವೆ ಅದನ್ನು ವರ್ಧಿಸಬೇಕು. ಪ್ರತಿ ವರ್ಧನೆಯಲ್ಲೂ ಮಾತಿನ ಜೊತೆಗೆ ಸದ್ದೂ ಬೆಳೆಯುತ್ತದೆ. ನಮ್ಮ ಓಲೆಗರಿಗಳ ಅವಸ್ಥೆಯೂ ಇದೇ ಅಲ್ಲವೆ? ಒಬ್ಬ ಲಿಪಿಕಾರನ ತಪ್ಪನ್ನು ಮುಂದಿನವನು ನಂಬಿ ಬರೆಯುತ್ತಾನೆ, ತನ್ನದೊಂದನ್ನು ಸೇರಿಸುತ್ತಾನೆ. ನಾಲ್ಕನೆಯ ಪ್ರತಿಗೆ ಬರುವ ವೇಳೆಗೆ ಕವಿಯ ಮಾತಾವುದು, ಲಿಪಿಕಾರನ ಮಾತಾವುದು ಎಂದು ತಿಳಿಯದಂತಾಗುತ್ತದೆ. ರೀವ್ಸ್ ೧೯೩೭ರಲ್ಲಿ ಕಂಡ ಉಪಾಯವೆಂದರೆ ಧ್ವನಿಯ ಅಲೆಯನ್ನು ಕ್ಷಣಕ್ಷಣಕ್ಕೂ ಅಳೆದು, ಆ ಅಳತೆಯನ್ನು ಅಂಕಿಯಾಗಿ ಕಳುಹಿಸುವುದು. ಅಂಕಿ ಎಷ್ಟು ಸಲ ನಕಲಾದರೂ ಅಂಕಿಯೇ. ಆ ಉಪಾಯವನ್ನು ಅಗ್ಗವಾಗಿ ನಡೆಸಿಕೊಡುವ ಟ್ರಾನ್ಸಿಸ್ಟರು ಆಗ ಇರಲಿಲ್ಲವಾದ್ದರಿಂದ ಅದು ಜನಬಳಕೆಗೆ ಬರಲು ದಶಕಗಳೇ ಹಿಡಿದವು.

ಅಳೆಯುವ ಕೋಲಿನಲ್ಲಿ ಎಷ್ಟು ಗೀರುಗಳಿವೆ ಎಂಬುದನ್ನು ಹೇಳುವುದೇ ಬಿಟ್. ೧೬ ಬಿಟ್ಟಿನ ಕೋಲಿಗೆ ೬೫,೫೩೬ ಗೀರುಗಳು. ೨೪ ಬಿಟ್ಟಿನದಕ್ಕೆ ಒಂದೂವರೆ ಕೋಟಿಗೂ ಮಿಕ್ಕಿ. ಒಂದೊಂದು ಬಿಟ್ ಕೂಡಿದಾಗಲೂ ಅತಿ ಮೆಲುದನಿಗೂ ಅತಿ ಗಟ್ಟಿದನಿಗೂ ನಡುವಣ ಅಂತರ ಸುಮಾರು ೬ ಡೆಸಿಬೆಲ್ ಹಿಗ್ಗುತ್ತದೆ. ಆದ್ದರಿಂದ ೧೬ ಬಿಟ್ಟಿಗೆ ಸುಮಾರು ೯೬ ಡೆಸಿಬೆಲ್. ೧೯೮೨ರ ಅಕ್ಟೋಬರಿನಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಕಾಂಪ್ಯಾಕ್ಟ್ ಡಿಸ್ಕಿನ ಅಳತೆ ಇದೇ. ಅದನ್ನು ರೂಪಿಸಿದ ಫಿಲಿಪ್ಸ್ ಸಂಸ್ಥೆಗೆ ೧೪ ಬಿಟ್ ಸಾಕೆನಿಸಿತ್ತು. ಜೊತೆಗಿದ್ದ ಸೋನಿ ೧೬ಕ್ಕೆ ಪಟ್ಟು ಹಿಡಿಯಿತು. ತಟ್ಟೆ ೧೬ ಬಿಟ್ಟಿನದಾದರೂ ಫಿಲಿಪ್ಸಿನ ಮೊದಲ ಯಂತ್ರಗಳೊಳಗೆ ಇದ್ದುದು ೧೪ ಬಿಟ್ಟಿನ ಚಿಪ್ಪೇ! ಅದನ್ನು ನಾಲ್ಕು ಪಟ್ಟು ವೇಗದಲ್ಲಿ ದುಡಿಸಿ ೧೬ ಬಿಟ್ಟಿಗೆ ಸರಿಸಮನಾದ ಫಲವನ್ನು ಅವರು ಪಡೆದರು. ಅಂಕಿ ಚಿಕ್ಕದಿದ್ದ ಮಾತ್ರಕ್ಕೆ ನಾದ ಚಿಕ್ಕದಾಗುವುದಿಲ್ಲವೆಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕೆ?

ಹಾಗಾದರೆ ೨೪ ಬಿಟ್ ಏತಕ್ಕೆ? ಅದು ಮುದ್ರಿಸುವವನ ತೊಂದರೆಗೆ ಸಿಕ್ಕ ಪರಿಹಾರ. ಗಾಯಕ ಯಾವ ಗಳಿಗೆಯಲ್ಲಿ ತಾರಕ್ಕೇರಿ ದನಿ ಎತ್ತುವನೋ ಎಂಬುದು ಮುದ್ರಿಸುವವನಿಗೆ ಮುಂಚಿತವಾಗಿ ತಿಳಿಯದು. ಅದಕ್ಕಾಗಿ ಮೇಲುಗಡೆ ಜಾಗ ಬಿಟ್ಟುಕೊಂಡು ಮುದ್ರಿಸುತ್ತಾನೆ. ಆಮೇಲೆ ಕೂಡಿಸಿ ತಿದ್ದುವಾಗಲೂ ಎಡೆ ಬೇಕಾಗುತ್ತದೆ. ಕೇಳುವವನಿಗೆ ಆ ತೊಂದರೆ ಇಲ್ಲ. ಅದರಲ್ಲೂ ನಾನು ಕೇಳುವುದು ಹಳೆಯ ಟೇಪುಗಳಿಂದ ಇಳಿಸಿಕೊಂಡದ್ದು. ಅಂಥ ಟೇಪುಗಳ ಹಿಸ್ಸೆನ್ನುವ ಸದ್ದಿಗೂ ಅತಿ ಗಟ್ಟಿಯಾದ ದನಿಗೂ ಇರುವ ಅಂತರ ಅರುವತ್ತು, ಎಪ್ಪತ್ತು ಡೆಸಿಬೆಲ್. ೯೬ರ ಪಾತ್ರೆಯೇ ಅದಕ್ಕೆ ಧಾರಾಳ.

ಮೂರನೆಯದು ಕಿಲೋಹರ್ಟ್ಸ್, ಎಂದರೆ ಸೆಕೆಂಡಿಗೆ ಎಷ್ಟು ಸಾವಿರ ಸಲ ಅಳೆಯಬೇಕೆಂಬ ಲೆಕ್ಕ. ಅಲೆಯಲ್ಲಿರುವ ಅತಿ ಹೆಚ್ಚಿನ ಕಂಪನಸಂಖ್ಯೆಯ ಎರಡರಷ್ಟಕ್ಕಿಂತ ಹೆಚ್ಚು ಸಲ ಅಳೆದರೆ ಆ ಅಲೆಯನ್ನು ಕುಂದಿಲ್ಲದೆ ಮರಳಿ ಪಡೆಯಬಹುದೆಂಬುದು ನೈಕ್ವಿಸ್ಟ್, ಕೊತೆಲ್ನಿಕೊವ್, ಶಾನನ್ ಮೊದಲಾದವರ ಗಣಿತದಿಂದ ಸ್ಥಿರಪಟ್ಟ ಸಂಗತಿ. ಎಳೆಯರ ಕಿವಿ ಸೆಕೆಂಡಿಗೆ ಸುಮಾರು ೨೦,೦೦೦ ಕಂಪನಗಳವರೆಗೆ ಗ್ರಹಿಸುತ್ತದೆ. ಆದ್ದರಿಂದ ೪೦,೦೦೦ಕ್ಕಿಂತ ತುಸು ಹೆಚ್ಚಾದರೆ ಸಾಕು. ಸರಿ, ಆದರೆ ಕಾಂಪ್ಯಾಕ್ಟ್ ಡಿಸ್ಕಿಗೆ ೪೪,೧೦೦ ಎಂಬ ಆ ವಿಚಿತ್ರ ಸಂಖ್ಯೆ ಎಲ್ಲಿಂದ ಬಂದಿತು? ಅಷ್ಟು ಅಂಕಿಗಳನ್ನು ತುಂಬಿಡಬಲ್ಲ ಯಂತ್ರ ಆ ಕಾಲದಲ್ಲಿ ಸುಲಭವಾಗಿ ದೊರೆಯುತ್ತಿದ್ದುದು ಟೆಲಿವಿಷನ್ ಚಿತ್ರಗಳನ್ನು ಮುದ್ರಿಸುವ ವಿಡಿಯೋ ಯಂತ್ರವೊಂದೇ. ಅಮೆರಿಕ, ಜಪಾನುಗಳ ಪದ್ಧತಿಯಲ್ಲಿ ಸೆಕೆಂಡಿಗೆ ೬೦ ಅರೆಚಿತ್ರಗಳು, ಒಂದೊಂದರಲ್ಲಿ ಬಳಕೆಗೆ ೨೪೫ ಗೆರೆಗಳು, ಗೆರೆಗೆ ೩ ಅಳತೆಗಳು, ಗುಣಿಸಿದರೆ ೪೪,೧೦೦. ಯೂರೋಪಿನ ಪದ್ಧತಿಯಲ್ಲಿ ೫೦, ೨೯೪, ೩. ಗುಣಿಸಿದರೆ ಅದೇ ೪೪,೧೦೦. ಸಂಗೀತದ ದೇವತೆ ಕೊಟ್ಟ ಸಂಖ್ಯೆಯಲ್ಲ ಅದು. ಎರಡು ಖಂಡಗಳ ಟೆಲಿವಿಷನ್ನಿಗೂ ಒಪ್ಪುವಂತೆ ಮಾಡಿಕೊಂಡ ಒಂದು ಹೊಂದಾಣಿಕೆ.

ಮೂರನೆಯ ಪೆಟ್ಟಿಗೆ ಸೆಕೆಂಡಿಗೆ ೧,೯೨,೦೦೦ ಎಂದು ಸಾರುತ್ತಿತ್ತು. ಅದರಿಂದ ಕೇಳುಗನಿಗೆ ಲಾಭವುಂಟೆ? ಅಮೆರಿಕದ ಮೇಯರ್ ಮತ್ತು ಮೊರಾನ್ ಎಂಬಿಬ್ಬರು ೨೦೦೭ರಲ್ಲಿ ಪ್ರಕಟಿಸಿದ ಪರೀಕ್ಷೆಯ ವರದಿಯೊಂದಿದೆ. ದೊಡ್ಡ ಅಂಕಿಯ ಧ್ವನಿಮುದ್ರಿಕೆಗಳನ್ನು ನುಡಿಸುತ್ತ, ಕೇಳುಗರಿಗೆ ಹೇಳದೆ ನಡುವೆ ಕಾಂಪ್ಯಾಕ್ಟ್ ಡಿಸ್ಕಿನ ಅಳತೆಯ ಜರಡಿಯೊಂದನ್ನು ಹಾಕಿ ತೆಗೆದು ಮಾಡಿದರು. ನೂರಾರು ಸಲ ನಡೆದ ಆ ಪರೀಕ್ಷೆಯಲ್ಲಿ ಸರಿಯುತ್ತರ ಬಂದದ್ದು ಸುಮಾರು ಅರ್ಧಭಾಗ. ಎಂದರೆ ನಾಣ್ಯ ಚಿಮ್ಮಿ ಹೇಳಿದಷ್ಟು. ಇನ್ನು ನನ್ನ ಮಾತು. ಪಕ್ಕದ ಮನೆಯ ಹುಡುಗ ತನ್ನ ಫೋನಿನಿಂದ ೧೪,೦೦೦ ಕಂಪನಗಳ ಸಿಳ್ಳೊಂದನ್ನು ಊದಿಸಿ, "ಕೇಳಿಸುತ್ತಾ ಸರ್?" ಎಂದನು. ಅವನು ಮುಖ ಸಿಂಡರಿಸಿಕೊಂಡಿದ್ದನು; ನನ್ನ ಪಾಲಿಗೆ ಕೋಣೆ ಮೌನವಾಗಿತ್ತು. ೧೦,೦೦೦ಕ್ಕೆ ಇಳಿಸಿದ ಮೇಲೆ ಎಲ್ಲಿಯೋ ದೂರದಲ್ಲಿ ಏನೋ ಇದ್ದಂತೆ ಕೇಳಿಸಿತು. ಅರುವತ್ತು ದಾಟಿದವರಲ್ಲಿ ಇದು ಸಾಮಾನ್ಯವೆಂದು ತಿಳಿದಿದ್ದರೂ, ಮನಸ್ಸಿಗೆ ನಾಟದೆ ಇರಲಿಲ್ಲ.

ಕೊನೆಗೆ, 'ಹೊರಗಿನ' ಎಂಬ ವಿಶೇಷಣದ ಇತಿಹಾಸ. ಕಂಪ್ಯೂಟರು ಹುಟ್ಟಿದ್ದು ಎಣಿಸುವುದಕ್ಕೆ, ಹಾಡುವುದಕ್ಕಲ್ಲ. ೧೯೮೧ರಲ್ಲಿ ಬಂದ ಐಬಿಎಂ ಕಂಪ್ಯೂಟರಿಗೆ ಕೀಕ್ ಎನ್ನುವುದರಾಚೆಗೆ ಹೆಚ್ಚೇನೂ ಬಾಯಿರಲಿಲ್ಲ. ೧೯೮೭ರಲ್ಲಿ ಅದಕ್ಕೆ ಸಂಗೀತದ ಕಾರ್ಡು ಮಾಡಿದ 'ಆಡ್‌ಲಿಬ್' ಸಂಸ್ಥೆಯನ್ನು ಕಟ್ಟಿದವನು ಮಾರ್ತಾಂ ಪ್ರೆವೆಲ್. ಕೆನಡಾದ ಕ್ವಿಬೆಕ್ಕಿನಲ್ಲಿ ಸಂಗೀತದ ಪ್ರಾಧ್ಯಾಪಕನಾಗಿದ್ದವನು. ೧೯೮೯ರಲ್ಲಿ ಸಿಂಗಪುರದ ಸಿಮ್ ವಾಂಗ್ ಹೂ ಅವರ 'ಸೌಂಡ್ ಬ್ಲಾಸ್ಟರ್' ಬಂದು ಮನೆಮಾತಾಯಿತು. ೧೯೯೭ರ ಅನಂತರ ಆ ಕೆಲಸವೆಲ್ಲ ಕಂಪ್ಯೂಟರಿನ ತಾಯಿಹಲಗೆಯ ಮೇಲೆಯೇ ಒಂದು ಮೂಲೆಯ ಚಿಪ್ಪಿನ ಪಾಲಾಗಿ ಅಗ್ಗವಾಯಿತು. ಆದರೆ ಆ ಮೂಲೆ ಎಂಥ ನೆರೆಹೊರೆಯಲ್ಲಿದೆ! ಸೆಕೆಂಡಿಗೆ ಕೋಟಿಕೋಟಿ ಸಲ ಮಿಡಿಯುವ ಚಿಪ್ಪುಗಳು, ತಿರುಗುವ ಫ್ಯಾನು, ವಿದ್ಯುತ್ತನ್ನು ತುಂಡರಿಸಿ ಹಂಚುವ ಪೂರೈಕೆ. ಸಂತೆಯ ನಡುವೆ ತಂಬೂರಿ ಶ್ರುತಿ ಮಾಡಿದಂತೆ. ೧೯೯೬ರಲ್ಲಿ ಬಂದ ಯುಎಸ್‌ಬಿ ಎಂಬ ಜೋಡಣೆಯಿಂದ ಅಂಕಿಗಳನ್ನು ಅಂಕಿಗಳಾಗಿಯೇ ತಂತಿಯಲ್ಲಿ ಹೊರಗೆ ತಂದು, ಸಂತೆಯಾಚೆಗೆ ನಾದವಾಗಿ ಮಾರ್ಪಡಿಸುವುದು ಸುಲಭವಾಯಿತು. ಹೊರಗಿನ ಸೌಂಡ್ ಕಾರ್ಡ್ ಎಂದರೆ ಇಷ್ಟೇ.

ಇಲ್ಲಿಯೂ ಒಂದು ಎಚ್ಚರಿಕೆ ಬೇಕು. ಕೊಳ್ಳುವ ಮುನ್ನ ಲ್ಯಾಪ್‌ಟಾಪಿನ ಚಾರ್ಜರನ್ನು ಕಿತ್ತು, ಬ್ಯಾಟರಿಯ ಮೇಲೆ ನಡೆಸಿ ಒಮ್ಮೆ ಕೇಳಿ ನೋಡಬೇಕು. ಗುಂಯ್‌ಗುಟ್ಟುವುದು ನಿಂತರೆ ಕಳ್ಳ ಚಾರ್ಜರಿನ ದಾರಿಯಿಂದ ಬಂದವನು. ಖರ್ಚಿಲ್ಲದೆಯೇ ಕೆಲಸ ಆಯಿತು. ನನ್ನಲ್ಲಿ ಸದ್ದು ಕಡಮೆಯಾಯಿತೇ ಹೊರತು ನಿಲ್ಲಲಿಲ್ಲ. ಯುಎಸ್‌ಬಿ ಕಾರ್ಡೂ ಸಾಮಾನ್ಯವಾಗಿ ಅದೇ ಕಂಪ್ಯೂಟರಿನಿಂದಲೇ ವಿದ್ಯುತ್ತನ್ನು ಪಡೆಯುವುದರಿಂದ, ಕೇಳಿ ನೋಡದೆ ಕೊಳ್ಳುವುದು ಜಾಣತನವಲ್ಲ.

ಇಷ್ಟು ತಿಳಿದುಕೊಂಡು ಮತ್ತೆ ಅಂಗಡಿಗೆ ಹೋದೆನು. ಈ ಸಲ ಅಂಗಡಿಯವನು ಉದಾರಿಯಾಗಿ ಪೆಟ್ಟಿಗೆಗಳನ್ನು ಎರಡು ದಿನದ ಮಟ್ಟಿಗೆ ಮನೆಗೆ ಕೊಟ್ಟನು. ಮೊದಲನೆಯದು ನಿಶ್ಶಬ್ದವಾಗಿತ್ತು, ಸಣ್ಣ ಇಯರ್‌ಫೋನಿಗೆ ಅದೇ ಸಾಕು. ನನ್ನ ೩೦೦ ಓಮಿಗೆ ಮಾತ್ರ ಅದರ ಬಲ ಸಾಲಲಿಲ್ಲ. ಎರಡನೆಯದಕ್ಕೂ ಮೂರನೆಯದಕ್ಕೂ ಹುಡುಗನೇ ಮಧ್ಯಸ್ಥನಾದನು. ತುಸು ಗಟ್ಟಿಯಾಗಿ ಕೇಳಿದ್ದೇ ಉತ್ತಮವೆನಿಸುವುದು ಕಿವಿಯ ದೌರ್ಬಲ್ಯ. ಆದ್ದರಿಂದ ಅವನು ಎರಡರ ದನಿಯನ್ನೂ ಮೀಟರಿನಲ್ಲಿ ಅಳೆದು ಸಮ ಮಾಡಿ, ನನ್ನ ಬೆನ್ನ ಹಿಂದೆ ಬದಲಾಯಿಸುತ್ತ ಹೋದನು. ಹದಿನಾರು ಸಲದಲ್ಲಿ ನಾನು ಸರಿಯಾಗಿ ಹೇಳಿದ್ದು ಒಂಬತ್ತು. ಎಂಟು ಸಲ ಸರಿ ಹೇಳುವುದಕ್ಕೆ ಕಿವಿಯೇ ಬೇಕಿಲ್ಲ. ಎರಡನೆಯದನ್ನು ಉಳಿಸಿಕೊಂಡು ಮೂರನೆಯದನ್ನು ಹಿಂದಕ್ಕೆ ಕೊಟ್ಟೆನು.

ಆ ರಾತ್ರಿ ಅದೇ ವೀಣೆಯನ್ನು ಕೇಳಿದೆನು. ಗುಂಯ್‌ಗುಟ್ಟುವುದು ಇರಲಿಲ್ಲ. ಮೀಟು ಕರಗುತ್ತ ಹೋಯಿತು. ಅದರ ಹಿಂದೆ ಟೇಪಿನ ಮೆಲುವಾದ ಹಿಸ್ಸೆನ್ನುವ ಸದ್ದು, ಅದರೊಳಗೆ ಯಾರೋ ಸಭಿಕರೊಬ್ಬರು ಕೆಮ್ಮಿದ್ದು. ಇವು ಧ್ವನಿಮುದ್ರಣದವೇ, ಯಾವ ಕಾರ್ಡೂ ಅಳಿಸಲಾರದು, ಅಳಿಸುವುದೂ ಬೇಡ. ನಡುವೆ ಬಂದ ಲಿಪಿಕಾರನ ತಪ್ಪುಗಳನ್ನು ಕಳೆದು ಮೂಲ ಪ್ರತಿಯನ್ನು ಕಂಡಂತಾಯಿತು. ಸೌಂಡ್ ಕಾರ್ಡಿನಿಂದ ನಾವು ನಿರೀಕ್ಷಿಸಬೇಕಾದದ್ದು ಇದನ್ನೇ: ತಾನಾಗಿ ಏನನ್ನೂ ಸೇರಿಸದಿರುವುದು.

ಮಾರನೆಯ ಸಂಜೆ ಹೆಡ್‌ಫೋನನ್ನು ನನ್ನಾಕೆಯ ತಲೆಗೆ ತೊಡಿಸಿ, ನಾದ ನಿಂತೊಡನೆ ಬೆರಳೆತ್ತು ಎಂದೆನು. ಹಿಂದಿನ ರಾತ್ರಿ ಅದೇ ಮೀಟಿಗೆ ನಾನು ಎಣಿಸಿಕೊಂಡಿದ್ದುದು ಐದು ಸೆಕೆಂಡು. ಐದಾಯಿತು, ಆರಾಯಿತು, ಅವಳು ಬೆರಳೆತ್ತಲಿಲ್ಲ. ನಾನು ಮುಖ ನೋಡಿದೆನು. "ಇನ್ನೂ ಇದೆ ರೀ" ಎಂದಳು.

ಪೆಟ್ಟಿಗೆಯ ಮೇಲಿನ ಒಂದೊಂದು ಅಂಕಿಯೂ ಒಂದು ಕಾಲದಲ್ಲಿ ಯಾರದೋ ನಿಜವಾದ ತೊಂದರೆಗೆ ದೊರೆತ ಉತ್ತರ. ರೀವ್ಸನಿಗೆ ತಂತಿಯ ಸದ್ದು, ಮುದ್ರಿಸುವವನಿಗೆ ಅನಿರೀಕ್ಷಿತವಾದ ತಾರಸ್ವರ, ಬಾಲ್ಡ್ವಿನ್ನನಿಗೆ ಹಡಗಿನ ಕ್ಷೀಣ ಸಂಕೇತ. ಕೊಳ್ಳುವವನು ಕೇಳಿಕೊಳ್ಳಬೇಕಾದ ಪ್ರಶ್ನೆ, ಆ ತೊಂದರೆ ನನ್ನದೂ ಹೌದೆ ಎಂಬುದೊಂದೇ. ನನ್ನ ತೊಂದರೆಗಳು ಎರಡೇ ಇದ್ದವು, ಗುಂಯ್‌ಗುಟ್ಟುವ ಸದ್ದು ಮತ್ತು ಸಾಲದ ಬಲ. ಮೂರನೆಯದೊಂದಿತ್ತು, ನನ್ನ ಕಿವಿಯದು. ಅದಕ್ಕೆ ಅಂಗಡಿಯಲ್ಲಿ ಸೌಂಡ್ ಕಾರ್ಡ್ ಇರಲಿಲ್ಲ. ಎಳೆಯರಿಗೆ ಒಂದು ಮಾತು ಹೇಳಿ ಮುಗಿಸುತ್ತೇನೆ. ವಾರಕ್ಕೆ ೪೦ ಗಂಟೆ ಕೇಳುವವರು ೮೦ ಡೆಸಿಬೆಲ್ ಮೀರದಂತೆ ದನಿಯನ್ನು ಇರಿಸಿಕೊಳ್ಳಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಈ ಅಂಕಿ ನಾನು ನೋಡಿದ ಯಾವ ಪೆಟ್ಟಿಗೆಯ ಮೇಲೂ ಇರಲಿಲ್ಲ. ಈಗ ರಾತ್ರಿ ವೀಣೆ ಕೇಳುವಾಗ ನಾದ ನನ್ನ ಪಾಲಿಗೆ ನಿಂತ ಮೇಲೂ ಒಂದೆರಡು ಸೆಕೆಂಡು ಕಾದು ಕುಳಿತಿರುತ್ತೇನೆ, ಇನ್ನೂ ಇದೆ ಎಂಬ ನಂಬಿಕೆಯಿಂದ.